ಪಿನ್ ಇದೆ ಅಂದರೆ ಸಾಲದು

ಕಾರವಾರದ ಕಡಲತೀರದಲ್ಲಿರುವ ಟುಪೊಲೆವ್ 142 ವಿಮಾನದಲ್ಲಿ ಎಜೆಕ್ಷನ್ ಸೀಟ್, ಅಂದರೆ ಪೈಲಟ್‌ನನ್ನು ಕೂತ ಸೀಟಿನ ಸಮೇತ ವಿಮಾನದಿಂದ ಹೊರಕ್ಕೆ ಎಸೆದು ಉಳಿಸುವ ಸೀಟು, ಇಲ್ಲ. ಅಪಾಯ ಬಂದರೆ ಸಿಬ್ಬಂದಿ ಬಾಗಿಲಿನಿಂದಲೇ ಧುಮುಕಬೇಕಿತ್ತು. ನಾನು ನೌಕಾಪಡೆಯಲ್ಲಿ ಕೆಲಸ ಮಾಡಿದ್ದು ಸಣ್ಣ ಜೆಟ್‌ಗಳ ಇಂಥ ಸೀಟುಗಳ ಮೇಲೆ. ಅಂಥ ಜೆಟ್‌ಗಳು ನಿವೃತ್ತಿಯಾಗಿ ಮ್ಯೂಸಿಯಂಗೆ ಹೋಗುತ್ತವೆ. ಬ್ರಿಟನ್, ಅಮೆರಿಕದಲ್ಲಾದರೆ ಖಾಸಗಿ ಮಾಲೀಕರ ಕೈಗೂ ಹೋಗುತ್ತವೆ. ಆಗ ಹೊಸದಾಗಿ ಹತ್ತಿರ ಬರುವವರಿಗೆ ಸೀಟು ಬರೀ ಕೂರುವ ಜಾಗವಾಗಿ ಕಾಣುತ್ತದೆ. ನನಗೆ ಹೆದರಿಕೆ ಅಲ್ಲೇ.

ಸೀಟಿನ ಬೆನ್ನ ಹಿಂದೆ ಒಂದರೊಳಗೊಂದು ಕೂತ ಕೊಳವೆಗಳಿವೆ, ಅದರೊಳಗೆ ಸ್ಫೋಟಕದ ಕಾರ್ಟ್ರಿಜ್. ಹ್ಯಾಂಡಲ್ ಎಳೆದರೆ ಅದು ಸಿಡಿದು ಸೀಟನ್ನು ಮನುಷ್ಯನ ಸಮೇತ ಮೇಲಕ್ಕೆ ಎಸೆಯುತ್ತದೆ. ವಿಮಾನ ನೆಲದ ಮೇಲೆ ನಿಂತಿದೆ, ಎಂಜಿನ್ ಆರಿದೆ ಅನ್ನೋದೆಲ್ಲ ಅದಕ್ಕೆ ಗೊತ್ತಾಗೋದಿಲ್ಲ. ಹಂಟರ್‌ನಂಥ ಹಳೆಯ ಯುದ್ಧವಿಮಾನಗಳ ಸೀಟು ನಿಂತಲ್ಲೇ ಹಾರಿದರೆ ಪ್ಯಾರಾಚೂಟ್ ಬಿಚ್ಚಿಕೊಳ್ಳುವಷ್ಟು ಎತ್ತರವೂ ಸಿಗೋದಿಲ್ಲ.

ನೆಲದ ಮೇಲೆ ಅದನ್ನು ತಡೆದು ಹಿಡಿಯುವುದು ಸೇಫ್ಟಿ ಪಿನ್. ಅದಕ್ಕೊಂದು ಕೆಂಪು ಪಟ್ಟಿ ನೇತಾಡುತ್ತಿರುತ್ತದೆ. ಪಟ್ಟಿ ಕಂಡ ಕೂಡಲೇ ‘ಪಿನ್ ಇದೆ’ ಅಂತ ಸಮಾಧಾನ ಆಗುತ್ತದಲ್ವಾ? 2011ರ ನವೆಂಬರ್ 8ರಂದು ಇಂಗ್ಲೆಂಡಿನ ಸ್ಕ್ಯಾಂಪ್ಟನ್‌ನಲ್ಲಿ ನಡೆದದ್ದನ್ನು ನಾನು ಕೊಡುವ ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ. ಬ್ರಿಟನ್ ವಾಯುಪಡೆಯ ಕಸರತ್ತು ತಂಡ ರೆಡ್ ಆರೋಸ್‌ನ ಹಾಕ್ ಜೆಟ್ ವಿಮಾನ ನೆಲದ ಮೇಲಿತ್ತು, ಹಾರಾಟದ ಮುಂಚಿನ ತಪಾಸಣೆ ನಡೆದಿತ್ತು. ಸೀಟು ಹಾರಿತು. ಹ್ಯಾಂಡಲ್ ತನ್ನ ಜಾಗದಿಂದ ಸರಿದಿದ್ದರೂ ಪಿನ್ ಒಳಗೆ ಹೋಗುತ್ತಿತ್ತು. ನೋಡಿದವರಿಗೆ ಎಲ್ಲ ಸರಿ ಇದ್ದಂತೆ ಕಾಣುತ್ತಿತ್ತು. ಮೇಲೆ ಹೋದ ಮೇಲೆ ಒಂದು ಬೋಲ್ಟ್ ಅತಿಯಾಗಿ ಬಿಗಿಯಾಗಿದ್ದರಿಂದ ಮುಖ್ಯ ಪ್ಯಾರಾಚೂಟ್ ಬಿಚ್ಚಲಿಲ್ಲ. ಪೈಲಟ್ ಉಳಿಯಲಿಲ್ಲ. ಸೀಟಿನ ತಯಾರಕ ಕಂಪನಿ ಮಾರ್ಟಿನ್-ಬೇಕರ್‌ಗೆ 2018ರಲ್ಲಿ 11 ಲಕ್ಷ ಪೌಂಡ್ ದಂಡ ಬಿತ್ತು.

ಅದಕ್ಕೇ ನಾನು ಹುಡುಗರಿಗೆ ಪಟ್ಟಿ ನೋಡಬೇಡಿ ಅನ್ನುತ್ತೇನೆ. ಟಾರ್ಚ್ ಹಿಡಿದು ಬಗ್ಗಿ ನೋಡಿ. ಹ್ಯಾಂಡಲ್ ತಳದವರೆಗೆ ಕೂತಿದೆಯಾ? ಪಿನ್ ಹ್ಯಾಂಡಲನ್ನು ನಿಜವಾಗಿ ಹಿಡಿದಿದೆಯಾ, ಸುಮ್ನೆ ತೂತಿನಲ್ಲಿ ನಿಂತಿದೆಯಾ? ಕಾಗದದಲ್ಲಿ ಸಹಿ ಹಾಕುವುದು ಅದಾದ ಮೇಲೆ.

ಇನ್ನು ಕಾರ್ಟ್ರಿಜ್. ಅದಕ್ಕೆ ಎರಡು ಆಯುಷ್ಯ. ಒಂದು ತಯಾರಾದ ದಿನದಿಂದ, ಇನ್ನೊಂದು ಸೀಟಿಗೆ ಹಾಕಿದ ದಿನದಿಂದ. ಯಾವುದು ಮೊದಲು ಮುಗಿಯಿತೋ ಅಲ್ಲಿಗೆ ಅದನ್ನು ತೆಗೆಯಬೇಕು. ನಮ್ಮ ಕರಾವಳಿಯ ತೇವ, ಉಪ್ಪು ಗಾಳಿಯಲ್ಲಿ ಕೆಲಸ ಮಾಡಿದವರಿಗೆ ಇದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅವಧಿ ಮುಗಿದದ್ದು ಬೇಕಾದಾಗ ಸಿಡಿಯದಿರಬಹುದು, ಬೇಡದಾಗ ಸಿಡಿಯಲೂಬಹುದು. 2015ರ ಆಗಸ್ಟ್ 22ರಂದು ಇಂಗ್ಲೆಂಡಿನ ಶೋರಮ್‌ನಲ್ಲಿ ವಿಮಾನ ಪ್ರದರ್ಶನದ ವೇಳೆ ಹಂಟರ್ ರಸ್ತೆಗೆ ಬಿದ್ದು 11 ಜನ ಸತ್ತರು. ಅದರ ಸೀಟಿನ ಕಾರ್ಟ್ರಿಜ್‌ಗಳ ಅವಧಿ ಮುಗಿದಿತ್ತು. ರಕ್ಷಣೆಗೆ ಓಡಿ ಬಂದವರಿಗೂ ಅವುಗಳಿಂದ ಅಪಾಯವಿತ್ತು ಎಂದು ತನಿಖೆಯವರು ಬರೆದರು.

ಹಾಗಾದರೆ ಎಲ್ಲ ಹಳೆ ಸೀಟುಗಳ ಸ್ಫೋಟಕ ತೆಗೆದುಬಿಡೋಣವೇ? ಪ್ರದರ್ಶನಕ್ಕೆ ನಿಲ್ಲಿಸುವ ವಿಮಾನದಲ್ಲಿ ಖಂಡಿತ ತೆಗೆಯಬೇಕು, ತೆಗೆದದ್ದಕ್ಕೆ ದಾಖಲೆಯೂ ಇರಬೇಕು. ಹಾರುವ ವಿಮಾನದಲ್ಲಿ ಮಾತು ಬೇರೆ. ರೆಕ್ಕೆ ಹಿಂದಕ್ಕೆ ಬಾಗಿರುವ ಜೆಟ್‌ಗಳು ಇಳಿಯುವ ವೇಗವೇ ಬಹಳ. ಎಂಜಿನ್ ನಿಂತರೆ ಗದ್ದೆಯಲ್ಲಿ ಇಳಿಸುತ್ತೇನೆ ಅನ್ನುವಂತಿಲ್ಲ. ಅಂಥ ವಿಮಾನ ಹಾರುವುದಾದರೆ ಅವಧಿಯೊಳಗಿನ ಕಾರ್ಟ್ರಿಜ್ ಇರಬೇಕು, ಕೂರುವವರಿಗೆ ತರಬೇತಿ ಇರಬೇಕು. ಕಾರ್ಟ್ರಿಜ್ ಸಿಗದಿದ್ದರೆ ಹಾರಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ತರಬೇತಿಯಲ್ಲಿ ಅಂಕೋಲೆಯ ಹುಡುಗನೊಬ್ಬ ಕೇಳಿದ, ‘ಸರ್, ಬೆಂಕಿ ಬಿದ್ದಾಗ ಬೆಲ್ಟ್ ಕತ್ತರಿಸಿ ಪೈಲಟ್‌ನನ್ನು ಎಳೆದರೆ ಸಾಕಲ್ವಾ?’

ಸಾಕಾಗೋದಿಲ್ಲ ತಮಾ. ಕಾಲಿಗೂ ಪಟ್ಟಿ ಕಟ್ಟಿರುತ್ತದೆ, ಆಕ್ಸಿಜನ್ ಕೊಳವೆ ಸೀಟಿಗೆ ಸೇರಿರುತ್ತದೆ. ಮೊದಲು ಕಾಕ್‌ಪಿಟ್ ಹೊರಗಿನ ಕೆಂಪು ತ್ರಿಕೋನದ ಗುರುತು ಹುಡುಕು. ಅದು ಕಂಡರೆ ಸೀಟು ಜೀವಂತ ಅಂತಲೇ ತಿಳಿ. ಸೀಟಿನ ಮೇಲೆ ತಲೆ, ಎದೆ ತರಬೇಡ. ಪಕ್ಕದಿಂದ ಹೋಗು. ಪಿನ್ ಕೂರಿಸು, ಆಮೇಲೆ ಬೆಲ್ಟಿಗೆ ಕೈ ಹಾಕು.