ಮೊಂಟಾನಾದ ತೋಳಗಳು: ಬಂದೂಕು, ಬೋನು, ತಲೆಲೆಕ್ಕ

ಕೆನಡಾ ಗಡಿಗೆ ಅಂಟಿಕೊಂಡಿರುವ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಈಗ ಸುಮಾರು 1,100 ತೋಳಗಳಿವೆ. ಕಳೆದ ಕೆಲವು ವರ್ಷಗಳಿಂದ ಬೇಟೆ ಮತ್ತು ಬೋನುಗಳಿಗೆ ವರ್ಷಕ್ಕೆ 250ರಿಂದ 300ರಷ್ಟು ತೋಳಗಳು ಬಲಿಯಾಗುತ್ತಿವೆ. ಮರುವರ್ಷ ಲೆಕ್ಕ ಹಾಕಿದರೆ ಮತ್ತೆ ಅದೇ ಸುಮಾರು 1,100. ಈ ಎರಡು ಅಂಕಿಗಳು ಹೇಗೆ ಹೊಂದುತ್ತವೆ ಎಂಬುದು ಅರ್ಥವಾದರೆ ತೋಳದ ನಿರ್ವಹಣೆ ಮುಕ್ಕಾಲು ಪಾಲು ಅರ್ಥವಾದ ಹಾಗೆ. ಎಷ್ಟು ತೋಳ ಸತ್ತವು ಎನ್ನುವುದಕ್ಕಿಂತ ಯಾವ ತೋಳ, ಯಾವ ತಿಂಗಳಲ್ಲಿ, ಯಾವ ಕಣಿವೆಯಲ್ಲಿ ಸತ್ತಿತು ಎನ್ನುವುದೇ ಇಲ್ಲಿ ಮುಖ್ಯ.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. 1986ರಲ್ಲಿ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಕೆನಡಾದಿಂದ ತಾವಾಗಿಯೇ ಇಳಿದು ಬಂದ ತೋಳಗಳು ಮರಿ ಹಾಕಿದವು. 1995 ಮತ್ತು 1996ರಲ್ಲಿ ಕೆನಡಾದಿಂದ ಹಿಡಿದು ತಂದ 66 ತೋಳಗಳನ್ನು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ ಮತ್ತು ಪಕ್ಕದ ಐಡಾಹೋ ರಾಜ್ಯದಲ್ಲಿ ಬಿಟ್ಟರು. ಮೊಂಟಾನಾ, ಐಡಾಹೋ, ವಯೋಮಿಂಗ್ ಈ ಮೂರು ರಾಜ್ಯಗಳಲ್ಲಿ ಒಟ್ಟು 300 ತೋಳ, 30 ಸಂತಾನಜೋಡಿ, ಅದೂ ಸತತ ಮೂರು ವರ್ಷ ಇರಬೇಕು ಎಂಬುದು ಗುರಿ. ಅದು 2002ಕ್ಕೇ ಮುಟ್ಟಿತು. ಸಂತಾನಜೋಡಿ ಎಂಬ ಮಾತಿಗೆ ಕಟ್ಟುನಿಟ್ಟಿನ ಅರ್ಥವಿದೆ: ಒಂದು ಗಂಡು, ಒಂದು ಹೆಣ್ಣು, ಅವುಗಳ ಕನಿಷ್ಠ ಎರಡು ಮರಿಗಳು ಡಿಸೆಂಬರ್ 31ರವರೆಗೆ ಬದುಕಿರಬೇಕು. 2009ರಲ್ಲಿ ಮೊಂಟಾನಾದ ಮೊದಲ ಬೇಟೆ ಹಂಗಾಮು ನಡೆಯಿತು. ಮಿತಿ 75, ಬಿದ್ದದ್ದು 72. ಮರುವರ್ಷ ನ್ಯಾಯಾಲಯ ತಡೆಯಿತು. 2011ರಲ್ಲಿ ಅಮೆರಿಕದ ಸಂಸತ್ತೇ ಬಜೆಟ್ ಮಸೂದೆಯೊಂದಕ್ಕೆ ಸಾಲು ಸೇರಿಸಿ ತೋಳವನ್ನು ಸಂರಕ್ಷಿತ ಪಟ್ಟಿಯಿಂದ ತೆಗೆಯಿತು. 2012ರಿಂದ ಕಾಲು ಹಿಡಿಯುವ ಕಬ್ಬಿಣದ ಬೋನಿಗೂ ಅನುಮತಿ ಸಿಕ್ಕಿತು.

ಇನ್ನು ತೋಳದ ವರ್ಷಚಕ್ರ. ಫೆಬ್ರವರಿ ಮಧ್ಯದಲ್ಲಿ ಕೂಡುತ್ತವೆ. ಗರ್ಭ 63 ದಿನ. ಏಪ್ರಿಲ್ ಮಧ್ಯದಲ್ಲಿ ನಾಲ್ಕರಿಂದ ಆರು ಮರಿ. ಸಾಮಾನ್ಯವಾಗಿ ಗುಂಪಿನಲ್ಲಿ ಹೆರುವುದು ಒಂದೇ ಹೆಣ್ಣು. ಅಕ್ಟೋಬರ್ ಹೊತ್ತಿಗೆ ಮರಿಗಳು ನೋಡಲು ದೊಡ್ಡ ತೋಳದಂತೆಯೇ ಕಾಣುತ್ತವೆ, ಬುದ್ಧಿ ಮಾತ್ರ ಮರಿಯದೇ. ಬೋನಿಗೆ, ಬೇಟೆಗಾರರ ಕೂಗಿಗೆ ಮೊದಲು ಸಿಕ್ಕಿಬೀಳುವುದು ಇವು ಮತ್ತು ಒಂದು ವರ್ಷ ದಾಟಿದ ಎಳೆಯವು. ಆರು ತೋಳದ ಗುಂಪಿನಿಂದ ಎರಡು ಮರಿ ಹೋದರೆ ಲೆಕ್ಕದಲ್ಲಿ ಮೂರನೇ ಒಂದು ಭಾಗ ಹೋದಂತೆ, ಆದರೆ ಮುಂದಿನ ಏಪ್ರಿಲ್‌ನಲ್ಲಿ ಅದೇ ಗವಿಯಲ್ಲಿ ಅದೇ ತಾಯಿ ಮತ್ತೆ ಐದು ಹಾಕುತ್ತಾಳೆ. ಅದೇ ಜನವರಿ ಕೊನೆಯಲ್ಲಿ ಆ ತಾಯಿಯೊಂದೇ ಸತ್ತರೆ ಗುಂಪೇ ಚದುರಬಹುದು, ಆ ವರ್ಷದ ಮರಿಗಳೇ ಇಲ್ಲವಾಗಬಹುದು. ಸತ್ತವು ಎರಡಕ್ಕೆ ಒಂದು, ಪರಿಣಾಮ ಮಾತ್ರ ತಲೆಕೆಳಗು. ಅಲಾಸ್ಕಾದಲ್ಲಿ ನಡೆದ ಒಂದು ಅಧ್ಯಯನದ ಪ್ರಕಾರ ವರ್ಷಕ್ಕೆ ಶೇ. 29ರವರೆಗೆ ಮನುಷ್ಯರ ಕೈಯಲ್ಲಿ ಸತ್ತರೂ ತೋಳದ ಸಂಖ್ಯೆ ಕುಗ್ಗುವುದಿಲ್ಲ. ಸಾವುಗಳು ಎಳೆಯವುಗಳ ಮೇಲೆ ಬೀಳುತ್ತಿರುವಾಗ, ಖಾಲಿಯಾದ ನೆಲಕ್ಕೆ ಪಕ್ಕದ ಗುಂಪಿನಿಂದ ಹೊರಬಿದ್ದ ತೋಳಗಳು ಬರುತ್ತಿರುವಾಗ ಮಾತ್ರ ಆ ಅಂಕಿಗೆ ಅರ್ಥ. ಕುರುಡಾಗಿ ಎಲ್ಲ ಕಡೆಗೂ ಹೊಂದಿಸುವ ಸೂತ್ರ ಅದಲ್ಲ.

ಇಷ್ಟಕ್ಕೂ 1,100 ಎಂದು ಎಣಿಸಿದ್ದು ಹೇಗೆ? ಮೊದಲು ಕೊರಳಪಟ್ಟಿಯ ರೇಡಿಯೋ ಹಿಡಿದು, ವಿಮಾನದಲ್ಲಿ ಹಾರಾಡಿ ಕಂಡವನ್ನೇ ಎಣಿಸುತ್ತಿದ್ದರು. ತೋಳ ಹೆಚ್ಚಿದಂತೆ ಅದು ಕೈಮೀರಿತು. ಈಗ ರಾಜ್ಯವನ್ನು 600 ಚದರ ಕಿಲೋಮೀಟರ್‌ನ ಚೌಕಗಳಾಗಿ ಹಂಚಿ, ಐದು ವಾರದ ಜಿಂಕೆ ಮತ್ತು ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆ ಮುಗಿದ ಮೇಲೆ ಬೇಟೆಗಾರರಿಗೆ ಫೋನ್ ಮಾಡಿ ಕೇಳುತ್ತಾರೆ: ಎರಡರಿಂದ 25 ತೋಳಗಳ ಗುಂಪು ಎಲ್ಲಿ, ಯಾವಾಗ ಕಂಡಿತು? ಆ ಉತ್ತರಗಳಿಂದ ತೋಳ ಇರುವ ಒಟ್ಟು ನೆಲದ ಅಂದಾಜು ಸಿಗುತ್ತದೆ. ಅದನ್ನು ಒಂದು ಗುಂಪಿನ ಸರಹದ್ದಿನ ವಿಸ್ತಾರದಿಂದ ಭಾಗಿಸಿದರೆ ಗುಂಪುಗಳ ಸಂಖ್ಯೆ. ಗುಂಪಿನ ಸರಾಸರಿ ಗಾತ್ರದಿಂದ ಗುಣಿಸಿ, ಒಂಟಿ ತೋಳಗಳನ್ನು ಸೇರಿಸಿದರೆ ಒಟ್ಟು ಸಂಖ್ಯೆ. ಲೆಕ್ಕ ಚೆನ್ನಾಗಿಯೇ ಇದೆ. ತಪ್ಪುವುದು ಮೂರು ಕಡೆ. ದೂರದಿಂದ ಕಂಡ ಕಯೋಟಿಗಳನ್ನು (ತೋಳದ ಚಿಕ್ಕ ಸಂಬಂಧಿ) ತೋಳ ಎಂದು ಹೇಳಿಬಿಟ್ಟರೆ ನೆಲದ ಅಂದಾಜು ಉಬ್ಬುತ್ತದೆ. ಬೇಟೆಯ ಒತ್ತಡದಲ್ಲಿ ಗುಂಪು ಚಿಕ್ಕದಾಗಿದ್ದೂ ಹಳೆಯ ಗಾತ್ರದಿಂದಲೇ ಗುಣಿಸಿದರೆ ತಲೆಲೆಕ್ಕ ಉಬ್ಬುತ್ತದೆ. ಗುಂಪುಗಳು ಒತ್ತೊತ್ತಾಗಿ ಸರಹದ್ದು ಕುಗ್ಗಿಸಿಕೊಂಡಿದ್ದರೆ ಸಂಖ್ಯೆ ಕಡಿಮೆ ಬರುತ್ತದೆ. ಹಾಗಾಗಿ ಸಾಯಿಸುವ ಮಿತಿಯನ್ನು ಈ ಒಂದು ಅಂಕಿಯ ಮೇಲೆ ಬಿಗಿಯಾಗಿ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಅಂದಾಜಿನ ಕೆಳಗಿನ ಅಂಚು ಎಲ್ಲಿದೆಯೋ ಅಲ್ಲಿಂದ ಹಿಡಿದು ಮಿತಿ ಹಾಕಬೇಕು.

2021ರಲ್ಲಿ ರಾಜ್ಯ ನಿಯಮಗಳನ್ನು ಬಹಳ ಸಡಿಲಿಸಿತು. ಒಬ್ಬರಿಗೆ ಬೇಟೆಯಲ್ಲಿ 10, ಬೋನಿನಲ್ಲಿ 10, ಒಟ್ಟು 20 ತೋಳ. ಉರುಳಿಗೆ ಅನುಮತಿ. ಖಾಸಗಿ ಜಮೀನಿನಲ್ಲಿ ರಾತ್ರಿ ಬೇಟೆ. ಬೇಟೆಗಾರರಿಗೆ ತಗುಲಿದ ಖರ್ಚು ಮರಳಿಸಲೂ ಅವಕಾಶ. ಅದಕ್ಕಿಂತ ಹಿಂದಿನ ಹಂಗಾಮಿನಲ್ಲಿ ಮುನ್ನೂರು ದಾಟಿದ್ದ ಸತ್ತ ತೋಳಗಳ ಸಂಖ್ಯೆ ಸಡಿಲಿಸಿದ ಹಂಗಾಮಿನಲ್ಲಿ 273ಕ್ಕೆ ಇಳಿಯಿತು. ಇದರಲ್ಲಿ ಅಚ್ಚರಿಯಿಲ್ಲ. ಲೈಸೆನ್ಸ್ ಕೊಂಡವರಲ್ಲಿ ಬಹುಪಾಲು ಜನರಿಗೆ ಒಂದೂ ತೋಳ ಸಿಗುವುದಿಲ್ಲ. ಒಂದೂ ಸಿಗದವರಿಗೆ 20ರ ಮಿತಿ ಕೊಟ್ಟರೇನು, 200ರದ್ದು ಕೊಟ್ಟರೇನು? ಎಷ್ಟು ತೋಳ ಬೀಳುತ್ತದೆ ಎಂಬುದನ್ನು ತೀರ್ಮಾನಿಸುವುದು ಹಿಮ, ರಸ್ತೆ, ಮತ್ತು ಕಸುಬು ಬಲ್ಲ ಕೆಲವೇ ಜನರ ದುಡಿಮೆ.

ಬಂದೂಕಿನ ವಿಷಯ ಬೇಗ ಮುಗಿಯುತ್ತದೆ. ಹಂಗಾಮು ಸೆಪ್ಟೆಂಬರ್ 15ರಿಂದ ಮಾರ್ಚ್ 15ರವರೆಗೆ. ಶರತ್ಕಾಲದಲ್ಲಿ ಬೀಳುವ ತೋಳಗಳಲ್ಲಿ ಹೆಚ್ಚಿನವು ಎಲ್ಕ್ ಬೇಟೆಗೆ ಹೋದವರ ಕಣ್ಣಿಗೆ ಆಕಸ್ಮಿಕವಾಗಿ ಬಿದ್ದಂಥವು. ತೋಳವನ್ನೇ ಹುಡುಕಿ ಹೋಗುವವರು ಡಿಸೆಂಬರ್ ನಂತರ ಹೊಸ ಹಿಮ ಬಿದ್ದ ಮರುದಿನ ಹೆಜ್ಜೆ ಹಿಡಿಯುತ್ತಾರೆ, ಇಲ್ಲವೇ ಕೂಗಿ ಕರೆಯುತ್ತಾರೆ. ಎಲೆಕ್ಟ್ರಾನಿಕ್ ಕೂಗುಯಂತ್ರಕ್ಕೆ ಅಲ್ಲಿ ಅನುಮತಿಯಿದೆ. ಕೂಗಿಗೆ ಬರುವ ತೋಳ ನೇರ ಬರುವುದಿಲ್ಲ, ಗಾಳಿ ಹಿಡಿಯಲು ಸುತ್ತು ಹಾಕಿಯೇ ಬರುತ್ತದೆ. ಗಾಳಿ ಹರಿಯುವ ದಿಕ್ಕಿನಲ್ಲಿ ತೆರೆದ ಬಯಲು ಇರುವಂತೆ ಕೂರದಿದ್ದರೆ ಅದು ಬಂದು ಹೋದದ್ದೂ ತಿಳಿಯುವುದಿಲ್ಲ. ಒಮ್ಮೆ ಕೇಳಿ ಮೋಸ ತಿಳಿದ ಗುಂಪು ಅದೇ ಧ್ವನಿಗೆ ಮತ್ತೆ ಬರುವುದು ಅಪರೂಪ.

ಬೋನು ಬೇರೆಯೇ ವಿದ್ಯೆ. ಕಾಲು ಹಿಡಿಯುವ ಈ ಕಬ್ಬಿಣದ ಬೋನಿಗೆ ಅಲ್ಲಿ ಫುಟ್‌ಹೋಲ್ಡ್ ಟ್ರ್ಯಾಪ್ ಎನ್ನುತ್ತಾರೆ: ಎರಡು ದವಡೆ, ನಡುವೆ ತುಳಿಯುವ ತಟ್ಟೆ, ತಟ್ಟೆಯನ್ನು ಹಿಡಿದಿಡುವ ಕೊಂಡಿ, ಪಕ್ಕದಲ್ಲಿ ಸ್ಪ್ರಿಂಗು. ತೋಳದ ಮುಂಗಾಲಿನ ಹೆಜ್ಜೆ ಸುಮಾರು ನಾಲ್ಕು ಇಂಚು ಅಗಲ, ಆದ್ದರಿಂದ ನರಿ, ಕಯೋಟಿಗೆ ಇಡುವ ಬೋನು ಸಾಲದು. ಮೊಂಟಾನಾದ ಕಾನೂನಿನಲ್ಲಿ ದವಡೆಯ ಹರವು ಒಂಬತ್ತು ಇಂಚು ಮೀರುವಂತಿಲ್ಲ. ತೋಳಕ್ಕೆ ಬೋನಿಡಬೇಕಾದರೆ ತರಬೇತಿಯ ಸರ್ಟಿಫಿಕೇಟ್ ಕಡ್ಡಾಯ. ದವಡೆಗಳ ಅಂಚು ಅಗಲವಾಗಿರಬೇಕು, ಮುಚ್ಚಿದಾಗ ನಡುವೆ ಸ್ವಲ್ಪ ಸಂದು ಉಳಿಯಬೇಕು. ತೆಳ್ಳನೆಯ ಅಂಚು ಚರ್ಮ ಕುಯ್ಯುತ್ತದೆ, ಸಂದಿಲ್ಲದಿದ್ದರೆ ರಕ್ತ ನಿಲ್ಲುತ್ತದೆ.

ಹೊಸ ಬೋನನ್ನು ಮೊದಲು ಬರಿನೀರಿನಲ್ಲಿ ಕುದಿಸಿ ಕಾರ್ಖಾನೆಯ ಎಣ್ಣೆ ತೆಗೆಯಬೇಕು. ಹೊರಗೆ ನೇತುಹಾಕಿ ತೆಳುವಾಗಿ ತುಕ್ಕು ಹಿಡಿಯಲು ಬಿಟ್ಟು, ಲಾಗ್‌ವುಡ್ ಎಂಬ ಮರದ ಬಣ್ಣದಲ್ಲಿ ಮತ್ತೆ ಕುದಿಸಬೇಕು. ಆಮೇಲೆ ಕರಗಿದ ಮೇಣದಲ್ಲಿ ಮುಳುಗಿಸುವುದು. ಬೋನು ಮೇಣದಷ್ಟೇ ಬಿಸಿಯಾಗುವ ತನಕ ಒಳಗೇ ಇರಬೇಕು, ತಣ್ಣಗಿದ್ದಾಗಲೇ ಎತ್ತಿದರೆ ಮೇಣ ದಪ್ಪಗೆ ಕೂತು ಆಮೇಲೆ ಚೂರುಚೂರಾಗಿ ಉದುರುತ್ತದೆ. ಈ ಕೆಲಸ ಬಯಲಲ್ಲೇ ಆಗಬೇಕು, ಮೇಣಕ್ಕೆ ಬೆಂಕಿ ಹತ್ತಿಕೊಳ್ಳುವುದು ಕ್ಷಣದ ಮಾತು. ಕೊಂಡಿ ಮತ್ತು ತಟ್ಟೆ ಸೇರುವ ಕಡೆ ಮೇಣವನ್ನು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಜಾರಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಜಾಗದ ಆಯ್ಕೆಯಲ್ಲೇ ಅರ್ಧ ಕೆಲಸ. ಒಂದು ಗುಂಪು ತನ್ನ ಸರಹದ್ದನ್ನು ಸುತ್ತಿ ಅದೇ ದಾರಿಗೆ ಮರಳಲು ಒಂದು ವಾರವೋ ಹತ್ತು ದಿನವೋ ಬೇಕು. ಹಳೆಯ ಕಾಡುರಸ್ತೆಗಳು ಕೂಡುವ ಕಡೆ, ಗುಡ್ಡದ ಏಣು, ಹೆಪ್ಪುಗಟ್ಟಿದ ಹೊಳೆಯ ದಂಡೆ ಅವುಗಳ ದಾರಿ. ಹಿಕ್ಕೆ, ಕಾಲೆತ್ತಿ ಮೂತ್ರ ಮಾಡಿದ ಗುರುತು, ನೆಲ ಕೆದರಿದ ಗುರುತು ಮೂರೂ ಒಂದೇ ಕಡೆ ಕಂಡರೆ ಬೋನಿನ ಜಾಗ ಅದು. ವಾಸನೆ ಇಡುವ ಗುಳಿ ಅಥವಾ ಮೂತ್ರ ಚಿಮುಕಿಸುವ ಪೊದೆ ದಾರಿಯಿಂದ ಗಾಳಿ ಬರುವ ಪಕ್ಕಕ್ಕಿರಬೇಕು. ತಟ್ಟೆ ಅದರಿಂದ ಸುಮಾರು ಒಂದು ಅಡಿ ಹಿಂದೆ, ಒಂದೆರಡು ಇಂಚು ಪಕ್ಕಕ್ಕೆ. ಕಯೋಟಿಗೆ ಇಡುವ ಅಂತರದಲ್ಲಿಟ್ಟರೆ ಉದ್ದ ಕಾಲಿನ ತೋಳ ಬೋನಿನ ಹಿಂದೆಯೇ ನಿಂತು ಮೂಸಿ ಹೋಗುತ್ತದೆ.

ಬೋನಿನ ಹಾಸು ಗಟ್ಟಿಯಾಗಿರದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಗುಳಿ ತೋಡಿ ಬೋನನ್ನು ಇಟ್ಟು ದವಡೆಯ ಹೊರಗೆ, ಸ್ಪ್ರಿಂಗಿನ ಸುತ್ತ ಮಣ್ಣು ಕಟ್ಟಿ ಬೆರಳಿನಿಂದ ಗುದ್ದಿ ಬಿಗಿ ಮಾಡಬೇಕು. ಯಾವ ಮೂಲೆ ಒತ್ತಿದರೂ ಅಲುಗಬಾರದು. ತೋಳ ದವಡೆಯ ಮೇಲೆ ಕಾಲಿಟ್ಟಾಗ ಬೋನು ಓಲಾಡಿದರೆ ಅದು ಹಿಂದೆ ಸರಿಯುತ್ತದೆ, ಕೆಲವೊಮ್ಮೆ ಬೋನನ್ನು ಕೆದರಿ ಮೇಲೆ ತೆಗೆದೂ ಇಡುತ್ತದೆ. ಆ ತೋಳವನ್ನು ಮತ್ತೆ ಹಿಡಿಯುವುದು ಬಹಳ ಕಷ್ಟ. ತಟ್ಟೆಯ ಕೆಳಗೆ ಮಣ್ಣು ತುಂಬದಂತೆ ಸ್ಪಂಜಿನ ತುಂಡು ಅಥವಾ ಹೊದಿಕೆ ಇಟ್ಟು, ಮೇಲೆ ಜರಡಿ ಹಿಡಿದ ಒಣಮಣ್ಣನ್ನು ಅರ್ಧ ಇಂಚಿಗಿಂತ ಕಡಿಮೆ ಹರಡುವುದು.

ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ವಾತಾವರಣದಲ್ಲಿ ಈ ಮಣ್ಣು ಸಿಮೆಂಟಿನಂತಾಗಿ ಬೋನು ಏಳುವುದೇ ಇಲ್ಲ. ಅದಕ್ಕೆ ಮೇಣ ಬೆರೆಸಿದ ಮಣ್ಣು ಒಳ್ಳೆಯದು: ಒಣಮಣ್ಣಿಗೆ ಮೇಣದ ಹರಳು ಕಲಸಿ ಬಿಸಿಲಿಗೋ ಶಾಖಕ್ಕೋ ಇಟ್ಟರೆ ನೀರು ಹಿಡಿಯುವುದಿಲ್ಲ. ಮಣ್ಣು ಹೆಪ್ಪುಗಟ್ಟದಂತೆ ಬೆರೆಸುವ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣ ಅಗ್ಗ, ಆದರೆ ಕಬ್ಬಿಣ ತಿನ್ನುತ್ತದೆ, ತೇವ ಎಳೆದು ಕೆಸರು ಮಾಡುತ್ತದೆ.

ತಟ್ಟೆ ಎಷ್ಟು ಭಾರಕ್ಕೆ ಬೀಳಬೇಕು ಎಂಬುದು ನನ್ನ ಮಟ್ಟಿಗೆ ಬೋನಿನ ನೀತಿಯ ಪ್ರಶ್ನೆ. ದೊಡ್ಡ ತೋಳ 36ರಿಂದ 50 ಕಿಲೋ, ಲಿಂಕ್ಸ್ ಬೆಕ್ಕು ಸುಮಾರು 10 ಕಿಲೋ. ಲಿಂಕ್ಸ್ ಇರುವ ಮೊಂಟಾನಾದ ವಾಯವ್ಯ ಭಾಗದಲ್ಲಿ ಕನಿಷ್ಠ 10 ಪೌಂಡ್ ಒತ್ತಡಕ್ಕೆ ತಟ್ಟೆ ಹೊಂದಿಸಬೇಕೆಂಬ ನಿಯಮ ಇದಕ್ಕೇ. ಕೈಯಂದಾಜು ನಂಬಬಾರದು, ಅಳೆಯುವ ಸಾಧನದಿಂದ ಪ್ರತಿ ಬೋನನ್ನೂ ಪ್ರತಿ ಸಲವೂ ನೋಡಬೇಕು. ತಿರುಪು ಸಡಿಲಾದರೆ ಒತ್ತಡ ಬದಲಾಗುತ್ತದೆ. ಪರ್ವತಸಿಂಹ, ದೊಡ್ಡ ನಾಯಿ, ಎಳೆಯ ಗ್ರಿಜ್ಲಿ ಕರಡಿಯನ್ನು ಇದು ತಡೆಯುವುದಿಲ್ಲ. ನಾಯಿಗಾಗಿ ರಸ್ತೆಯಿಂದ 150 ಅಡಿ, ಚಾರಣದಾರಿ ಶುರುವಾಗುವ ಕಡೆಯಿಂದ 1,000 ಅಡಿ ದೂರದ ನಿಯಮವಿದೆ. ಗ್ರಿಜ್ಲಿಗೆ ದೂರ ಪ್ರಯೋಜನವಿಲ್ಲ, ಕಾಲವೇ ಬೇಕು. 2023ರ ನವೆಂಬರ್‌ನಲ್ಲಿ ಫೆಡರಲ್ ನ್ಯಾಯಾಲಯ ಗ್ರಿಜ್ಲಿ ನೆಲೆಯಲ್ಲಿ ಬೋನಿನ ಹಂಗಾಮನ್ನು ಜನವರಿ 1ರಿಂದ ಫೆಬ್ರವರಿ 15ಕ್ಕೆ ಇಳಿಸಿದ್ದು ಕರಡಿಗಳು ಗವಿಯಲ್ಲಿ ಮಲಗಿರುವ ಕಾಲ ಎಂಬ ಕಾರಣಕ್ಕೆ. ಸರಿಯಾದ ತೀರ್ಪು ಅದು.

ಸರಪಳಿಗೆ ಎರಡು ಮೂರು ಕಡೆ ತಿರುಗುವ ಸ್ವಿವೆಲ್ ಬೇಕು. ಸ್ವಿವೆಲ್‌ಗೆ ಮಂಜು ಹಿಡಿದು ನಿಂತರೆ ತೋಳ ಸುತ್ತಿದಂತೆ ಸರಪಳಿ ಹುರಿಗೊಂಡು ಕಾಲೇ ತಿರುಚಿಹೋಗುತ್ತದೆ. ಮರಗಳಿರುವ ಕಡೆ ಎಂಟು ಹತ್ತು ಅಡಿ ಸರಪಳಿಗೆ ಎರಡು ಮೊನೆಯ ಕೊಕ್ಕೆ ಕಟ್ಟಿದರೆ ತೋಳ ಸ್ವಲ್ಪ ದೂರ ಎಳೆದು ಪೊದೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಕಾಲಿಗೆ ಬೀಳುವ ಜಗ್ಗು ಕಡಿಮೆ. ಬಯಲಾದರೆ ಎರಡು ಗೂಟಗಳನ್ನು ಅಡ್ಡಡ್ಡವಾಗಿ ಹೊಡೆಯಬೇಕು. ಒಂಟಿ ಗೂಟ ಸಡಿಲಾಗಿ ಬೋನಿನ ಸಮೇತ ಹೋದ ತೋಳದ ಕಥೆ ಮುಗಿಯುವುದು ವಾರಗಳ ನರಳಾಟದಲ್ಲಿ. 48 ಗಂಟೆಗೊಮ್ಮೆ ಬೋನು ನೋಡಲೇಬೇಕು ಎಂಬುದು ಮೊಂಟಾನಾದ ನಿಯಮ. ಪಕ್ಕದ ಐಡಾಹೋದಲ್ಲಿ 72. ಮೈನಸ್ 20 ಡಿಗ್ರಿಯಲ್ಲಿ ಹಿಡಿತಕ್ಕೆ ಸಿಕ್ಕ ಪಾದಕ್ಕೆ ರಕ್ತ ಹೋಗದೆ ಬೆರಳುಗಳು ಹೆಪ್ಪುಗಟ್ಟುತ್ತವೆ. ತಪ್ಪಿ ಬಿದ್ದ ಪ್ರಾಣಿಯನ್ನು ಬಿಟ್ಟರೂ ಕಾಲು ಉಳಿಯುವುದಿಲ್ಲ. 48 ಗಂಟೆ ಹೊರಮಿತಿ ಮಾತ್ರ, ಅಂಥ ಚಳಿಯಲ್ಲಿ ದಿನವೂ ಹೋಗಬೇಕು. ಹೋಗಲಾಗದಷ್ಟು ಬೋನು ಇಡಬಾರದು.

ಉರುಳು ಅಗ್ಗ, ಹಗುರ, ಹಿಮದಲ್ಲೂ ಕೆಲಸ ಮಾಡುತ್ತದೆ. ನನಗೆ ಅದರ ಮೇಲೆ ನಂಬಿಕೆ ಕಡಿಮೆ. ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ತೂಗಿಸಿದರೆ ತೋಳದ ತಲೆ ಸಿಗುತ್ತದೆ, ಆದರೆ ಅದೇ ದಾರಿಯಲ್ಲಿ ಜಿಂಕೆ, ಮೂಸ್ ಎಂಬ ಭಾರೀ ಜಿಂಕೆ ಕೂಡ ನಡೆಯುತ್ತವೆ. ದೊಡ್ಡ ಪ್ರಾಣಿ ಜಗ್ಗಿದಾಗ ಕಳಚಿಕೊಳ್ಳುವ ಕೊಂಡಿ ಇಲ್ಲದ ಉರುಳು ಯಾರನ್ನು ಹಿಡಿಯುತ್ತದೆಂದು ಇಟ್ಟವರಿಗೂ ಗೊತ್ತಿರುವುದಿಲ್ಲ. ಕರ್ನಾಟಕದ ಹೊಲದಂಚಿನಲ್ಲಿ ಹಂದಿಗೆಂದು ಕಟ್ಟಿದ ಕ್ಲಚ್ ವೈರಿನಲ್ಲಿ ಚಿರತೆ, ಕರಡಿ ಸೊಂಟಕ್ಕೆ ಸಿಕ್ಕಿ ಸಾಯುವುದು ಇದೇ ಕಾರಣಕ್ಕೆ. ನಮ್ಮಲ್ಲಿ ತೋಳ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ಬೋನೂ ಉರುಳೂ ಅಪರಾಧ. ಮೇಲುಕೋಟೆ, ಕೊಪ್ಪಳದ ಕುರುಚಲು ಬಯಲಿನ ಬೆರಳೆಣಿಕೆಯ ತೋಳಗಳಿಗೆ ಇಲ್ಲಿ ಬರೆದ ಯಾವ ವಿಧಾನವೂ ಅನ್ವಯಿಸದು.

ಮೊಂಟಾನಾ ತಪ್ಪಿದ್ದು ಯೆಲ್ಲೋಸ್ಟೋನ್‌ನ ಉತ್ತರ ಗಡಿಯಲ್ಲಿ. ಉದ್ಯಾನದೊಳಗೆ ಬೇಟೆಯಿಲ್ಲ, ಆದರೆ ಚಳಿಗಾಲದಲ್ಲಿ ಎಲ್ಕ್ ಹಿಂಡು ಕೆಳಗಿನ ಕಣಿವೆಗೆ ಇಳಿಯುತ್ತದೆ, ಹಿಂದೆಯೇ ತೋಳ. ಗಡಿಗೆ ಅಂಟಿದ ಎರಡು ಬೇಟೆ ಘಟಕಗಳಲ್ಲಿದ್ದ ಸಣ್ಣ ಮಿತಿಯನ್ನು 2021ರಲ್ಲಿ ತೆಗೆದುಹಾಕಿದರು. ಆ ಚಳಿಗಾಲದಲ್ಲಿ ಉದ್ಯಾನದ 25 ತೋಳಗಳು ಹೊರಗೆ ಸತ್ತವು, ಬಹುಪಾಲು ಮೊಂಟಾನಾದಲ್ಲೇ. ಮನುಷ್ಯರಿಗೆ ಹೆದರದ ಈ ತೋಳಗಳು ಕುರಿ, ದನಕ್ಕೆ ತೊಂದರೆ ಕೊಟ್ಟವಲ್ಲ. ಸಿಗುವುದು ಸುಲಭ, ಅಷ್ಟೇ. ಆಮೇಲೆ ಅಲ್ಲಿ ಮತ್ತೆ ಮಿತಿ ಬಂತು.

ದನ ಕಾಯುವವರ ನಷ್ಟಕ್ಕೆ ಹಂಗಾಮಿನ ಬೇಟೆ ನೇರ ಮದ್ದಲ್ಲ. ಕರು ಸತ್ತರೆ ಮೊದಲು ಚರ್ಮ ಸುಲಿದು ನೋಡಬೇಕು: ಹಲ್ಲಿನ ಗುರುತಿನ ಸುತ್ತ ರಕ್ತ ಕಂದಿದ್ದರೆ ಜೀವವಿದ್ದಾಗ ಕಚ್ಚಿದ್ದು, ಕಂದಿರದಿದ್ದರೆ ಸತ್ತ ಮೇಲೆ ತಿಂದದ್ದು. ತೋಳದ ಕಡಿತ ಹೆಚ್ಚಾಗಿ ಹಿಂಗಾಲು ಮತ್ತು ಪಕ್ಕೆಯಲ್ಲಿ. ತೋಳವೇ ಎಂದು ಖಚಿತವಾದ ಮೇಲೆ ಆ ಹುಲ್ಲುಗಾವಲಿನಲ್ಲಿ, ಆ ವಾರದಲ್ಲೇ ಆ ಗುಂಪಿನ ತೋಳವನ್ನು ತೆಗೆಯಬೇಕು. ನೂರು ಮೈಲಿ ದೂರದ ಕಾಡಿನಲ್ಲಿ ಡಿಸೆಂಬರ್‌ನಲ್ಲಿ ಬಿದ್ದ ಮರಿ ಜುಲೈನ ಕರುವನ್ನು ಉಳಿಸುವುದಿಲ್ಲ.

ತೋಳ ಬಿದ್ದ 24 ಗಂಟೆಯೊಳಗೆ ಇಲಾಖೆಗೆ ತಿಳಿಸಬೇಕು, ಮಿತಿ ಮುಟ್ಟಿದ ಘಟಕ ಮುಚ್ಚುವುದು ಈ ಕರೆಗಳ ಮೇಲೆಯೇ. ಹತ್ತು ದಿನದೊಳಗೆ ಚರ್ಮ ಮತ್ತು ಬುರುಡೆ ತಂದು ತೋರಿಸಬೇಕು. ಬುರುಡೆ ಹೆಪ್ಪುಗಟ್ಟಿದ್ದರೆ ಹಲ್ಲು ಮುರಿಯುತ್ತದೆ, ಹಿಂದಿನ ದಿನವೇ ಒಳಗೆ ತಂದಿಟ್ಟು ಕರಗಿಸಿರಬೇಕು. ಒಂದು ಸಣ್ಣ ಹಲ್ಲು ಕಿತ್ತು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಬೇರನ್ನು ತೆಳುವಾಗಿ ಕೊಯ್ದು ಬಣ್ಣ ಹಾಕಿದರೆ ಮರದ ಬಳೆಗಳಂತೆ ವರ್ಷಕ್ಕೊಂದು ಗೆರೆ. ಸತ್ತ 273ರಲ್ಲಿ ಮರಿ ಎಷ್ಟು, ಹೆರುವ ವಯಸ್ಸಿನ ಹೆಣ್ಣು ಎಷ್ಟು ಎಂದು ತಿಳಿಯುವುದು ಆ ಗೆರೆಗಳಿಂದ.