ಸಾಗರದವರೆಗೆ ಪಿಂಗ್ ಬಂತು

ಶಿವಮೊಗ್ಗ, ಸಾಗರ, ಸೊರಬ. ನಮ್ಮ ಜಾಲದ ಬೆನ್ನೆಲುಬೆಂದರೆ ಒಂದರ ಹಿಂದೊಂದು ನಿಂತ ಈ ಮೂರು ರೂಟರ್‌ಗಳು. ಇಷ್ಟಕ್ಕೆ ಎಂಪಿಎಲ್‌ಎಸ್ (ಪ್ಯಾಕೆಟ್‌ಗಳಿಗೆ ನಾಲ್ಕು ಬೈಟ್‌ನ ಲೇಬಲ್ ಅಂಟಿಸಿ ಸಾಗಿಸುವ ವಿಧಾನ) ಏಕೆಂದು ಮಾಲೀಕರೇ ಕೇಳಬೇಕಿತ್ತು. ಅವರಾಗಲೇ ಒಂದು ಸಹಕಾರ ಸಂಘಕ್ಕೆ ವಿಪಿಎನ್ (ಶಾಖೆಗಳನ್ನು ಬೆಸೆಯುವ ಖಾಸಗಿ ಜಾಲ) ಮಾರಿ, ಮುಂಗಡವನ್ನೂ ಪಡೆದು, ಆಮೇಲೆ ನನ್ನನ್ನು ಕರೆದು "ಇದು ಆಗುತ್ತದಲ್ಲವೇ?" ಎಂದರು.

ಆಗುತ್ತದೆ ಎಂದೆ. ರಾತ್ರಿ ಒಂದಕ್ಕೆ ಕುಳಿತೆ. ರೂಟರ್‌ಗಳು ದಾರಿಗಳನ್ನು ಹಂಚಿಕೊಳ್ಳುವ ಓಎಸ್‌ಪಿಎಫ್‌ನಲ್ಲಿ ಲೂಪ್‌ಬ್ಯಾಕ್‌ಗಳು, ಎಂದರೆ ರೂಟರ್‌ಗಳ ಸ್ವಂತ ವಿಳಾಸಗಳು, /32 (ಒಂದೊಂದೇ ವಿಳಾಸ) ಆಗಿಯೇ ಹೋಗುತ್ತಿವೆಯೇ ಎಂದು ನೋಡಿದೆ, ಮೂರೂ ಕಡೆ ಎಂಟಿಯು (ಲಿಂಕ್‌ನಲ್ಲಿ ಹೋಗಬಹುದಾದ ಪ್ಯಾಕೆಟ್‌ನ ಗರಿಷ್ಠ ಗಾತ್ರ) 1600 ಬೈಟ್‌ಗೆ ಏರಿಸಿದೆ, ಲೇಬಲ್ ಹಂಚುವ ಎಲ್‌ಡಿಪಿ ಎಬ್ಬಿಸಿದೆ. ಶಿವಮೊಗ್ಗದ ವಿಆರ್‌ಎಫ್‌ನಿಂದ (ರೂಟರ್‌ನೊಳಗೆ ಸಂಘಕ್ಕೆಂದೇ ಇಟ್ಟ ಪ್ರತ್ಯೇಕ ದಾರಿಪಟ್ಟಿ) ಸಾಗರ ಶಾಖೆಗೆ, ಪ್ಯಾಕೆಟ್ ಒಡೆಯಬೇಡ ಎನ್ನುವ ಡಿಎಫ್ ಬಿಟ್ ಹಾಕಿ, 1500 ಬೈಟ್‌ನ ಪಿಂಗ್, ಎಂದರೆ ಉತ್ತರ ಬರುತ್ತದೆಯೇ ಎಂದು ನೋಡುವ ಪ್ಯಾಕೆಟ್: ಒಂದೂ ಕಳೆದುಹೋಗಲಿಲ್ಲ. ಸೊರಬಕ್ಕೆ ಬರೀ ಪಿಂಗ್ ಕೊಟ್ಟೆ, ಅದೂ ಬಂತು. ಎರಡೂವರೆಗೆ ಮನೆಗೆ ಹೋಗಿ ಮಲಗಿದೆ. ಆ ಎರಡನೆಯ ಪಿಂಗ್‌ಗೆ ಗಾತ್ರ ಬರೆಯಲು ಐದು ಸೆಕೆಂಡು ಸಾಕಿತ್ತು.

ಬೆಳಿಗ್ಗೆ ಹತ್ತೂ ಕಾಲಿಗೆ ಸೊರಬದ ವ್ಯವಸ್ಥಾಪಕರ ಕರೆ. "ಲಾಗಿನ್ ಆಗುತ್ತದೆ ಸಾರ್. ಖಾತೆ ಪಟ್ಟಿ ತೆರೆದರೆ ಚಕ್ರ ತಿರುಗುತ್ತಲೇ ಇರುತ್ತದೆ." ಪಿಂಗ್ ನೋಡಿದೆ, ಬರುತ್ತಿತ್ತು. "ನಮ್ಮ ಕಡೆ ಎಲ್ಲ ಸರಿಯಿದೆ, ನಿಮ್ಮ ಸರ್ವರ್ ನೋಡಿಸಿ" ಎಂದುಬಿಟ್ಟೆ. ದನಿಯಲ್ಲಿ ಎಂಥ ಗತ್ತು! ನಲವತ್ತು ನಿಮಿಷ ಕಳೆದು ಅವರೇ ಮತ್ತೆ ಕರೆ ಮಾಡಿ, ಸಾಗರದಲ್ಲಿ ಅದೇ ಪಟ್ಟಿ ತೆರೆಯುತ್ತಿದೆಯಂತೆ ಎಂದಾಗ ಕೈ ತಣ್ಣಗಾಯಿತು. ಸೊರಬಕ್ಕೆ 1500 ಕೊಟ್ಟೆ: ಸಾಲಾಗಿ ಐದು ಚುಕ್ಕೆ, ಒಂದಕ್ಕೂ ಉತ್ತರವಿಲ್ಲ. 1496 ಕೊಟ್ಟೆ: ಐದು ಆಶ್ಚರ್ಯಚಿಹ್ನೆ, ಐದಕ್ಕೂ ಉತ್ತರ. ವ್ಯತ್ಯಾಸ ನಾಲ್ಕು ಬೈಟ್, ಸರಿಯಾಗಿ ಒಂದು ಲೇಬಲ್.

ಶಿವಮೊಗ್ಗ–ಸಾಗರದ ನಡುವಿನ ಲಿಂಕ್ ನಮ್ಮದಲ್ಲ, ಬಾಡಿಗೆಯದು. ಮಧ್ಯದಲ್ಲಿ ಅವರದೊಂದು ಸ್ವಿಚ್ 1522 ಬೈಟ್‌ಗಿಂತ ದೊಡ್ಡ ಫ್ರೇಮ್ ಬಂದರೆ ಸದ್ದಿಲ್ಲದೆ ನುಂಗುತ್ತಿತ್ತು. ವಿಪಿಎನ್ ಪ್ಯಾಕೆಟ್‌ಗೆ ಒಳಗೊಂದು ವಿಪಿಎನ್ ಲೇಬಲ್, ಅದರ ಮೇಲೆ ದಾರಿ ತೋರುವ ಇನ್ನೊಂದು. ಸಾಗರ ಪಕ್ಕದ ರೂಟರ್ ಆದ್ದರಿಂದ ಮೇಲಿನ ಲೇಬಲ್ ಹಾಕುವ ಅಗತ್ಯವೇ ಇಲ್ಲದೆ, ವಿಪಿಎನ್ ಲೇಬಲ್ ಒಂದೇ ಹೋಗುತ್ತಿತ್ತು: ಪ್ಯಾಕೆಟ್ 1500, ಈಥರ್ನೆಟ್‌ನ 18, ಲೇಬಲ್ 4, ಒಟ್ಟು 1522, ಪಾಸು. ಸೊರಬದ ಪ್ಯಾಕೆಟ್‌ಗೆ ಎರಡು ಲೇಬಲ್: 1526, ಗುಳುಂ. ಸೊರಬದಿಂದ ಬರುವಾಗ ಸಾಗರದಲ್ಲೇ ಒಂದು ಲೇಬಲ್ ಕಳಚುತ್ತಿದ್ದುದರಿಂದ ಆ ದಿಕ್ಕು ಸರಾಗ. ಲಾಗಿನ್ ಸಣ್ಣದು, ದಾಟಿತು. ಶಿವಮೊಗ್ಗ ಕಡೆಯಿಂದ ಹೋಗುವ ಪಟ್ಟಿ ದೊಡ್ಡದು, ದಾಟಲಿಲ್ಲ. ನುಂಗಿದ್ದು ಸ್ವಿಚ್ ಆದ್ದರಿಂದ ಪ್ಯಾಕೆಟ್ ದೊಡ್ಡದಾಯಿತು ಎಂದು ರೂಟರ್ ಕಳಿಸುವಂಥ ಐಸಿಎಂಪಿ ದೂರು ಕೂಡ ಯಾರಿಗೂ ಬರಲಿಲ್ಲ.

ಶಾಖೆಯ ರೂಟರ್‌ನಲ್ಲಿ ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ತುಂಬುವ ದತ್ತಾಂಶದ ಮಿತಿ) 1400ಕ್ಕೆ ಇಳಿಸಿ ಅಂದಿನ ದಿನ ದಾಟಿಸಿದೆ. ಲಿಂಕ್ ಕೊಟ್ಟವರಿಗೆ ಎಂಟಿಯು ಏರಿಸಿ ಎಂದು ಮೇಲ್ ಹಾಕಿದರೆ, "ಲಿಂಕ್ ಅಪ್ ಇದೆ" ಎಂಬ ಉತ್ತರ ಬರುತ್ತಿತ್ತು, ಮೂರು ವಾರ.

ಈಗ ಎಲ್‌ಡಿಪಿ ಮುಟ್ಟುವ ಮೊದಲೇ ಪ್ರತಿ ಲಿಂಕ್‌ಗೂ 1600 ಬೈಟ್ ಪಿಂಗ್ ಹಾಕುತ್ತೇನೆ. ಆದ ಮೇಲೆ ಕಟ್ಟಕಡೆಯ ರೂಟರ್‌ವರೆಗೆ ಇನ್ನೊಮ್ಮೆ. ಬಾಡಿಗೆ ಕರಾರಿನಲ್ಲಿ ಎಂಟಿಯು ಬರೆಸಿ ಎಂದು ಮಾಲೀಕರಿಗೆ ಎರಡು ಸಲ ಹೇಳಿದ್ದೇನೆ. ದರ ಬಿಟ್ಟು ಬೇರೆ ಸಾಲನ್ನು ಅವರು ಓದುವುದಿಲ್ಲ.

ಅಂದಹಾಗೆ, ಸಂಘದವರು ನನ್ನ ಮಾತು ನಂಬಿ ಸರ್ವರ್ ನೋಡಿಸಿದ್ದರು. ತಂತ್ರಜ್ಞರ ಬಿಲ್ಲು ತಿಂಗಳ ಕೊನೆಗೆ ನಮ್ಮ ಕಚೇರಿಗೆ ಬಂತು. ಮಾಲೀಕರು ಅದನ್ನು ಏನೂ ಹೇಳದೆ ನನ್ನ ಮೇಜಿನ ಮೇಲಿಟ್ಟು ಹೋದರು.