ಸಿಮೆಂಟ್ ಪೇಸ್ಟ್ ಕುಗ್ಗುವ ಲೆಕ್ಕ: ಮೂರನೆಯ ಸುತ್ತಿನ ಟಿಪ್ಪಣಿ

ಸಿಮೆಂಟ್ ಪೇಸ್ಟಿನ ಮೇಲೆ ನೀರು ತುಂಬಿದ ಬಾಟಲಿಗೆ ಪಿಪೆಟ್ಟು, ಅಂದರೆ ಅಳತೆಗೆರೆಗಳಿರುವ ತೆಳು ಕೊಳವೆ, ಸಿಕ್ಕಿಸಿ, ಅದರಲ್ಲಿ ನೀರು ಇಳಿದಷ್ಟನ್ನು ಪೇಸ್ಟು ಹೀರಿತೆಂದು ಅಳೆಯುತ್ತಿದ್ದೇನೆ; ಆ ಅಳತೆಯಿಂದ ಪೇಸ್ಟು ಎಷ್ಟು ಕುಗ್ಗುತ್ತದೆಂದು ನನ್ನ ಕಂಪ್ಯೂಟರ್ ಪ್ರೋಗ್ರಾಮು ಲೆಕ್ಕ ಹಾಕಬೇಕು. ಮೊದಲ ಎರಡು ಸುತ್ತುಗಳ ಅಳತೆಗಳನ್ನು ಈ ವಾರ ಪೂರ್ತಿ ಕೈಬಿಟ್ಟೆ. ಮೊದಲ ಸುತ್ತಿನಲ್ಲಿ ಪಿಪೆಟ್ಟಿನ ನೀರು ಮಧ್ಯಾಹ್ನದ ಹೊತ್ತಿಗೆ ಇಳಿಯುವ ಬದಲು ಏರಿತ್ತು. ಬಾಟಲಿಯಲ್ಲಿರುವ ಸುಮಾರು 100 ಮಿಲಿಲೀಟರ್ ನೀರು, ಕೋಣೆ 3 ಡಿಗ್ರಿ ಬಿಸಿಯೇರಿದರೆ ತಾನಾಗಿಯೇ 0.08 ಮಿಲಿಲೀಟರಿನಷ್ಟು ಹಿಗ್ಗುತ್ತದೆ ಎಂಬುದನ್ನು ನಾನು ಗಣನೆಗೆ ತೆಗೆದುಕೊಂಡಿರಲಿಲ್ಲ. ಎರಡನೆಯದನ್ನು ಕೆಡಿಸಿದ್ದು ಕೊಬ್ಬರಿ ಎಣ್ಣೆ. ನೀರು ಆವಿಯಾಗದಿರಲೆಂದು ಪಿಪೆಟ್ಟಿನೊಳಗೆ ಬಿಟ್ಟಿದ್ದ ಹನಿ ರಾತ್ರಿಯ ಚಳಿಗೆ ಹೆಪ್ಪುಗಟ್ಟಿ ಬಿರಡೆಯಂತೆ ಕೂತುಬಿಟ್ಟಿತ್ತು. ಈ ಸಲ ಕಡಲೆಕಾಯಿ ಎಣ್ಣೆ ಬಳಸಿ, ಬಾಟಲಿಯನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಕುತ್ತಿಗೆಯವರೆಗೆ ಮುಳುಗಿಸಿಟ್ಟೆ.

53 ಗ್ರೇಡಿನ 25 ಗ್ರಾಂ ಸಿಮೆಂಟಿಗೆ ಕುದಿಸಿ ಆರಿಸಿದ 10 ಗ್ರಾಂ ನೀರು ಬೆರೆಸಿ ತೆಳುವಾಗಿ ಹರಡಿದ ಪೇಸ್ಟು, ತನ್ನ ಮೇಲಿದ್ದ ನೀರಿನಿಂದ 6 ಗಂಟೆಯಲ್ಲಿ 0.15, 24 ಗಂಟೆಯಲ್ಲಿ 0.69 ಮಿಲಿಲೀಟರ್ ಹೀರಿಕೊಂಡಿತು. ಸಿಮೆಂಟೂ ನೀರೂ ಕೂಡಿ ಹುಟ್ಟುವ ವಸ್ತುವಿನ ಗಾತ್ರ ಅವೆರಡರ ಒಟ್ಟು ಗಾತ್ರಕ್ಕಿಂತ ಕಡಿಮೆ ಎಂಬುದು ಫ್ರೆಂಚ್ ರಸಾಯನಶಾಸ್ತ್ರಜ್ಞ ಲೆ ಶಾಟೆಲಿಯೇ ಅವರ ಕಾಲದಿಂದ ತಿಳಿದಿರುವ ಸಂಗತಿ. ಅಮೆರಿಕದ ಸಿಮೆಂಟ್ ಸಂಶೋಧಕ ಪವರ್ಸ್ ಅವರ ಮಾದರಿಯ ಪ್ರಕಾರ ನೀರಿನೊಂದಿಗೆ ರಾಸಾಯನಿಕವಾಗಿ ವರ್ತಿಸಿದ ಪ್ರತಿ ಗ್ರಾಂ ಸಿಮೆಂಟಿಗೆ ಈ ಕೊರತೆ 0.064 ಮಿಲಿಲೀಟರ್. ಅಂದರೆ ಒಂದು ದಿನದಲ್ಲಿ ಶೇಕಡಾ 43ರಷ್ಟು ಸಿಮೆಂಟು ವರ್ತಿಸಿದಂತಾಯಿತು.

ನನ್ನ ಪ್ರೋಗ್ರಾಮಿನ ದೊಡ್ಡ ತಪ್ಪು ಇದರ ಮುಂದಿನ ಹೆಜ್ಜೆಯಲ್ಲಿತ್ತು. ತೂಕದಲ್ಲಿ ನೀರು-ಸಿಮೆಂಟ್ ಅನುಪಾತ 0.30 ಇರುವ ಪೇಸ್ಟನ್ನು ಮುಚ್ಚಿಟ್ಟರೆ ಗರಿಷ್ಠ ಶೇಕಡಾ 71ರಷ್ಟು ಸಿಮೆಂಟು ವರ್ತಿಸಿ, 100 ಮಿಲಿಲೀಟರ್ ಪೇಸ್ಟಿನಲ್ಲಿ 7.4 ಮಿಲಿಲೀಟರ್ ಗಾತ್ರ ಕಳೆದುಹೋಗುತ್ತದೆ. ಅಷ್ಟನ್ನೂ ಹೊರಗಿನ ಕುಗ್ಗುವಿಕೆ ಎಂದು ಬಗೆದಿದ್ದರಿಂದ ಪೇಸ್ಟಿನ ಒಂದು ಮೀಟರ್ ಉದ್ದದ ಪಟ್ಟಿ 25 ಮಿಲಿಮೀಟರ್ ಗಿಡ್ಡವಾಗುವುದೆಂದು ಅದು ತೋರಿಸುತ್ತಿತ್ತು. ಗಟ್ಟಿಯಾದ ಮೇಲೆ ಇಂಥ ಪೇಸ್ಟು ನಿಜಕ್ಕೂ ಕುಗ್ಗುವುದು ಮೀಟರಿಗೆ ಒಂದು ಮಿಲಿಮೀಟರಿನ ಆಸುಪಾಸು. ಮೆತ್ತಗಿರುವಾಗ ಪೇಸ್ಟು ಕೊರತೆಯನ್ನೆಲ್ಲ ಕುಸಿದು ತುಂಬಿಕೊಳ್ಳುತ್ತದೆ. ಹಂದರ ಕಟ್ಟಿಕೊಂಡ ಮೇಲೆ ಕುಸಿಯಲಾರದೆ ಒಳಗೆ ಖಾಲಿ ರಂಧ್ರಗಳು ಹುಟ್ಟುತ್ತವೆ, ಅವುಗಳಲ್ಲಿ ಬಾಗಿ ನಿಂತ ನೀರಿನ ಸೆಳೆತವೇ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ಗಟ್ಟಿಯಾದದ್ದನ್ನು ‘ಒಣಗಿತು’ ಎನ್ನುವುದು ನಮ್ಮ ಮೇಸ್ತ್ರಿಗಳ ರೂಢಿ. ಒಳಗಿನ ರಂಧ್ರಗಳು ಬರಿದಾಗುವುದರಿಂದ, ಒಂದು ಹನಿಯೂ ಹೊರಹೋಗದ ಮುಚ್ಚಿದ ಪೇಸ್ಟಿನ ಮಟ್ಟಿಗೆ ಆ ಮಾತು ವಿಚಿತ್ರವಾಗಿ ನಿಜವೇ.

ಹಾಗಾಗಿ ಈಗ ಲೆಕ್ಕವನ್ನು, ಗಟ್ಟಿತನ ಪರೀಕ್ಷಿಸುವ ಸೂಜಿ ಪೇಸ್ಟಿನಲ್ಲಿ ಗುರುತು ಮೂಡಿಸದ ಘಳಿಗೆಯಿಂದ, ಅಂದರೆ ನೀರು ಬೆರೆಸಿ 5 ಗಂಟೆ 10 ನಿಮಿಷವಾದಾಗಿನಿಂದ, ಆರಂಭಿಸುತ್ತಿದ್ದೇನೆ. ವರ್ತನೆ ಬಿರುಸಾಗುವುದೂ ಅದೇ ಹೊತ್ತಿಗೆ ಆದ್ದರಿಂದ ಅರ್ಧ ಗಂಟೆ ಹಿಂದುಮುಂದಾದರೂ ಉತ್ತರ ಕದಲುತ್ತದೆ. 24 ಗಂಟೆಯ ಅಳತೆಗೆ ಹೊಂದಿಸಿದ ವಕ್ರರೇಖೆ 6 ಗಂಟೆಗೆ 0.21 ತೋರಿಸುತ್ತಿದೆ, ಪಿಪೆಟ್ಟು ತೋರಿಸಿದ್ದು 0.15. ಆರಂಭದ ಮಂದಗತಿಗೆ ಪ್ರತ್ಯೇಕ ಪದವೊಂದನ್ನು ಸಮೀಕರಣಕ್ಕೆ ಸೇರಿಸದೆ ಈ ಅಂತರ ಹೋಗುವಂತೆ ಕಾಣುತ್ತಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಮೊದಲ 8 ಗಂಟೆಗಳ ಕಾಲ ಪಿಪೆಟ್ಟನ್ನು ಪ್ರತಿ 15 ನಿಮಿಷಕ್ಕೊಮ್ಮೆ ಓದಬೇಕು.